ಪೆಟ್ಟಿಗೆಗೆ ಬೇಡ ಅನ್ನಿಸಿದ ಬೆಳಿಗ್ಗೆ

ನಮ್ಮೂರಿನ ಸೇತುವೆ ಕೆಲವು ದಿನ ಇರುವುದಿಲ್ಲ. ಕಣ್ಣಿಗೆ ಕಾಣುತ್ತದೆ. ಕಲ್ಲು ಎಸೆದರೆ ಕಲ್ಲು ಅದರ ಮೇಲೇ ಬಿದ್ದು ಟಣ್ಣೆನ್ನುತ್ತದೆ. ಎಮ್ಮೆ ಹೊಡೆದರೆ ಎಮ್ಮೆ ಆರಾಮಾಗಿ ಆಚೆ ದಡ ಮುಟ್ಟಿ, ನೀವ್ಯಾಕೆ ಬರಲಿಲ್ಲ ಎನ್ನುವ ಹಾಗೆ ಹಿಂತಿರುಗಿ ನೋಡುತ್ತದೆ. ಮನುಷ್ಯರು ಕಾಲಿಟ್ಟರೆ ಮಾತ್ರ ನೇರ ಹೊಳೆಗೆ. ಹೊಳೆಯ ತುಂಬ ಸುಳಿ, ದೋಣಿ ನಡೆಯುವುದಿಲ್ಲ. ಬೆಳಿಗ್ಗೆ ಸೇತುವೆ ಇದ್ದರೆ ಮರುದಿನ ಬೆಳಗಿನ ತನಕ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಅಂಥ ಇಲ್ಲದ ದಿನ ತಿಂಗಳಿಗೆ ಮೂರು ಬರಬಹುದು, ಒಂದೂ ಬರದಿರಬಹುದು. ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಆಚೆ ದಡದ ಯಾವುದಾದರೊಂದು ಮನೆಯಲ್ಲಿ ಒಂದು ಜೊತೆ ಬಟ್ಟೆ, ಒಂದು ಬ್ರಶ್ ಇರುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಜರು, ಗೈರು, ಸೇತುವೆ ಎಂದು ಮೂರು ಕಾಲಂ. ಹೆಣ್ಣು ನೋಡಲು ಆಚೆ ಹೋದವರು ಬರಲಾಗದೆ ಮೂರು ದಿನ ಅಲ್ಲೇ ಉಂಡು ಮಲಗಿ, ಆಮೇಲೆ ಬೇಡ ಅನ್ನಲು ದಾಕ್ಷಿಣ್ಯವಾಗಿ ಒಪ್ಪಿಕೊಂಡು ಬಂದದ್ದೂ ಇದೆ. ನಮ್ಮ ಅಪ್ಪ ಅಮ್ಮನ ಮದುವೆ ಆದದ್ದು ಹಾಗೇ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದೇನೆ, ಯಾಕೆಂದರೆ ನಿಲ್ಲಿಸಿದರೆ ನನ್ನ ವಿಷಯಕ್ಕೆ ಬರಬೇಕಾಗುತ್ತದೆ.

ಸೇತುವೆ ಇದೆಯೋ ಇಲ್ಲವೋ ಹೇಳುತ್ತಿದ್ದದ್ದು ಸಣ್ಣೀರಜ್ಜಿ. ಮೂವತ್ತೊಂದು ವರ್ಷ. ಸೂರ್ಯ ಹುಟ್ಟುವ ಹೊತ್ತಿಗೆ ಬರಿಗಾಲಲ್ಲಿ ಸೇತುವೆಯ ಬಾಯಿಗೆ ಬಂದು ನಿಲ್ಲುವುದು, ಒಂದು ಕಾಲಿನ ಪಾದದಿಂದ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುವುದು, ಆಮೇಲೆ "ಐತೆ" ಅಥವಾ "ಬ್ಯಾಡ". ಐತೆ ಅಂದ ದಿನ ಅವಳೇ ಮೊದಲು ನಡೆದು ಆಚೆ ದಡ ಮುಟ್ಟಿ ವಾಪಸು ಬರಬೇಕು, ಆಮೇಲೆ ಉಳಿದವರು. ಹೇಳಿದವರೇ ಮೊದಲ ಹೆಜ್ಜೆ ಇಡಬೇಕು ಎನ್ನುವುದು ಊರಿನ ಕಟ್ಟಳೆ. ಬ್ಯಾಡ ಅಂದ ದಿನ ಎಲ್ಲರೂ ಗೊಣಗಿಕೊಂಡು ಮನೆಗೆ. ಯಾಕಜ್ಜಿ ಎಂದು ಕೇಳಿದರೆ ಒಂದೇ ಉತ್ತರ: "ಯಾಕೋ ಅನ್ನುಸ್ತು ಕಣಪ್ಪ." ಅಷ್ಟೂ ವರ್ಷಗಳಲ್ಲಿ ಅವಳು ಐತೆ ಅಂದ ದಿನ ಒಬ್ಬರೂ ಬಿದ್ದಿಲ್ಲ.

ನನ್ನ ಹೆಸರು ಇಂದುಧರ. ಡಿಪ್ಲೊಮಾ ಮುಗಿಸಿ ಊರಿಗೆ ಬಂದಾಗ ನನಗೆ ಇಪ್ಪತ್ತೆರಡು, ತಲೆಯಲ್ಲಿ ಯಂತ್ರ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಎದುರಿಗೆ ಯಾರು ಸಿಕ್ಕರೂ ತಾನೇ ಕಲಿಯುವ ಯಂತ್ರದ ಬಗ್ಗೆ ಕೊರೆಯುತ್ತಿದ್ದೆ. ಹೆಚ್ಚು ಕೊರೆಸಿಕೊಂಡವನು ಹಾಲೇಶಣ್ಣ. ಅವನು ಮದುವೆಗಳಲ್ಲಿ ವಾಲಗ ಊದುವವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಕ್ಯಾಂಟೀನಿನಲ್ಲಿ ಅವನ ಮುಂದೆ ಕೂತು ನಾನು ಹೇಳುತ್ತಿದ್ದೆ: "ಅನ್ಸೋದು ಅಂದ್ರೆ ಏನೂ ಇಲ್ಲಣ್ಣ, ಲೆಕ್ಕ ಅಷ್ಟೆ. ನಮಗೇ ಗೊತ್ತಿಲ್ದಂಗೆ ತಲೆ ಒಳಗೆ ನಡಿಯೋ ಲೆಕ್ಕ. ಅಜ್ಜಿ ಮಾಡ್ತಿರೋದೂ ಅದೇ, ಅವಳಿಗೆ ಗೊತ್ತಿಲ್ಲ ಅಷ್ಟೆ."

"ಹಂಗಾರೆ ನೀನು ಮನೆ ಬಾಗ್ಲಿಗೆ ಬರಾಕ್ ಮುಂಚೇನೇ ನಿಮ್ಮವ್ವ, ಇವ್ನು ಇವತ್ತು ಏನೋ ಕಿತಾಪತಿ ಮಾಡ್ಕಂಡ್ ಬಂದವ್ನೆ ಅಂತಾಳಲ್ಲ, ಅದೂ ಲೆಕ್ಕನಾ?"

"ಅದೂ ಲೆಕ್ಕನೇ. ದಿನಾ ಮಾಡ್ಕಂಡ್ ಬರ್ತೀನಲ್ಲ, ಸುಲಭದ್ದು."

ಹಾಲೇಶಣ್ಣ ಚಹಾ ಚೆಲ್ಲುವಷ್ಟು ನಕ್ಕ. ಆಮೇಲೆ ಹೇಳಿದ: "ಮುಹೂರ್ತಕ್ಕೆ ಮುಂಚೆ ಮದುಮಗಳ ಮಖ ಒಂದ್ಸಲ ನೋಡ್ತೀನಿ. ಈ ಹುಡುಗಿ ಅಳ್ತಾಳೆ, ಈ ಹುಡುಗಿ ನಗ್ತಾಳೆ ಅಂತ ಗೊತ್ತಾಗಿಬಿಡುತ್ತೆ. ಅದ್ಕೆ ತಕ್ಕಂಗೆ ರಾಗ ಹಿಡೀತೀನಿ. ಹೆಂಗೆ ಅಂದ್ರೆ ನಾನೇನ್ ಹೇಳ್ಲಿ? ನಿನ್ ಯಂತ್ರದ ಪೆಟ್ಟಿಗೆ ಹಿಡೀತದೇನು?"

"ಸಾವಿರ ಮದುವೆ ತೋರ್ಸು, ಹಿಡಿಯುತ್ತೆ. ಯಾಕೆ ಹಿಡೀತು ಅಂತ ಕಾರಣಾನೂ ಹೇಳುತ್ತೆ."

ಕಾರಣ. ಆ ಪದ ನನ್ನ ಬಾಯಲ್ಲಿ ಬೆಲ್ಲದ ಹಾಗಿತ್ತು. ಪುರಸಭೆಯವರ ಹಿಂದೆ ಬಿದ್ದು ಒಪ್ಪಿಸಿ, ಸೇತುವೆಯ ಪಕ್ಕ ಒಂದು ಚಿಕ್ಕ ಕೋಣೆ ಕಟ್ಟಿಸಿ, ಪೆಟ್ಟಿಗೆ ಕೂರಿಸಿದೆ. ಕಂಬಗಳಿಗೆಲ್ಲ ತಂತಿ ಎಳೆದೆ. ನೀರಿನ ಮಟ್ಟ, ಗಾಳಿ, ಕಲ್ಲಿನ ಬಿಸಿ, ನೀರಿನ ಸದ್ದು, ಎಲ್ಲ ಅದಕ್ಕೆ ಹೋಗುತ್ತಿತ್ತು. ಆದರೆ ಬರೀ ಅಳತೆಯಿಂದ ಪೆಟ್ಟಿಗೆ ಏನು ಕಲಿತೀತು? ಸರಿ ಯಾವುದು ತಪ್ಪು ಯಾವುದು ಎಂದು ಯಾರಾದರೂ ಹೇಳಿಕೊಡಬೇಕು. ಹೇಳಿಕೊಟ್ಟವಳು ಸಣ್ಣೀರಜ್ಜಿಯೇ. ಹತ್ತು ತಿಂಗಳು ಪ್ರತಿ ಬೆಳಿಗ್ಗೆ ಅವಳ ಪಕ್ಕ ನಿಂತು ಬರೆದುಕೊಂಡೆ. ಅವಳು ಏನನ್ನೂ ಮುಚ್ಚಿಡಲಿಲ್ಲ. "ಬರ್ಕಳಪ್ಪ, ಇವತ್ತು ಹಿಮ್ಮಡಿ ತಣ್ಣಗೈತೆ." "ಇವತ್ತು ನೀರು ಬ್ಯಾರೆ ಥರ ಮಾತಾಡ್ತೈತೆ, ಬರ್ಕಂಡ್ಯಾ?" ಬರೆದುಕೊಂಡ ಮೇಲೆ ಮನೆಗೆ ಕರೆದೊಯ್ದು ರೊಟ್ಟಿ ತಿನ್ನಿಸುತ್ತಿದ್ದಳು. ಒಂದು ದಿನ ಪೆಟ್ಟಿಗೆಯ ಮುಂದೆ ನಿಂತು ಕೇಳಿದಳು: "ಇದ್ಕೆ ಹೆದ್ರಿಕೆ ಆಗುತ್ತೇನೋ?"

"ಇಲ್ಲಜ್ಜಿ, ಯಂತ್ರ ಅದು."

"ಹೆದ್ರಿಕೆ ಇಲ್ದಿದ್ರೆ ಬ್ಯಾಡ ಅಂತ ಹೆಂಗ್ ಅನ್ಸುತ್ತೆ ಇದ್ಕೆ?"

ನಾನು ನಕ್ಕುಬಿಟ್ಟೆ. ಎಷ್ಟು ಒಳ್ಳೆಯ ಪ್ರಶ್ನೆ ಅದು ಎಂದು ಈಗ ಅನ್ನಿಸುತ್ತದೆ. ಆಗ ನಗು ಬಂದಿತ್ತು.

ಪೆಟ್ಟಿಗೆ ತನ್ನ ಉತ್ತರವನ್ನು ಚೀಟಿಯಲ್ಲಿ ಅಚ್ಚು ಮಾಡಿ ಕೊಡಲು ಶುರು ಮಾಡಿದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡೋಣ ಎಂದು ಊರವರು ಅಂದರು. ನಲವತ್ತು ದಿನ ಇಬ್ಬರದೂ ಒಂದೇ ಉತ್ತರ. ನಲವತ್ತೊಂದನೆಯ ದಿನ ಅಜ್ಜಿ ಬ್ಯಾಡ ಅಂದಳು, ಪೆಟ್ಟಿಗೆ ಇದೆ ಅಂದಿತು. ಅದರ ಚೀಟಿಯಲ್ಲಿ ಏಳು ಕಾರಣ ಅಚ್ಚಾಗಿದ್ದವು. ಜನ ನನ್ನ ಮುಖ ನೋಡಿದರು. ನಾನು ಚೀಟಿಯನ್ನು ಧ್ವಜದ ಹಾಗೆ ಎತ್ತಿ ಹಿಡಿದು ಸೇತುವೆ ಹತ್ತಿದೆ. ಅಜ್ಜಿ ಹಿಂದಿನಿಂದ "ಬ್ಯಾಡ ಕಣೋ ಮಗ" ಎಂದು ಕೂಗಿದ್ದು ಕೇಳಿಸಿತು. ಸೇತುವೆ ಇತ್ತು. ಆಚೆ ಮುಟ್ಟಿ ಓಡುತ್ತ ವಾಪಸು ಬಂದೆ. ಚಪ್ಪಾಳೆ, ಶಿಳ್ಳೆ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅಷ್ಟು ಜನರ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲು ಉಜ್ಜಿಕೊಳ್ಳುತ್ತ, ಮುದುಕಿಯ ದನಿ ಮಾಡಿ, "ಯಾಕೋ ಅನ್ನುಸ್ತು ಕಣಪ್ಪ" ಎಂದು ಅಣಕಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗೆಯ ಮೇಲೆ ನಿಂತು ಭಾಷಣವನ್ನೂ ಮಾಡಿದೆ: "ಇನ್ಮೇಲೆ ಯಾರೇ ಬೇಡ ಅಂದ್ರೂ ಕಾರಣ ಕೇಳಿ. ಕಾರಣ ಇಲ್ಲದ ಬೇಡ, ಬೇಡವೇ ಅಲ್ಲ."

ಅಜ್ಜಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ತಪ್ಪಾಗಿರ್ಬೋದು ಕಣಪ್ಪ, ಬೀಳ್ಲಿಲ್ಲವಲ್ಲ, ಅಷ್ಟೇ ಸಾಕು" ಅಂದಳು. ಮರುದಿನದಿಂದ ಸೇತುವೆಯ ಕಡೆ ಬರಲಿಲ್ಲ.

ಅದಾದ ಮೇಲೆ ಹನ್ನೊಂದು ತಿಂಗಳು ಪೆಟ್ಟಿಗೆಯದೇ ರಾಜ್ಯ. ಬೆಳಿಗ್ಗೆ ಚೀಟಿ ಬರುತ್ತಿತ್ತು, ನಾನು ಓದಿ ಹೊರಗಿನ ದೀಪ ಹಾಕುತ್ತಿದ್ದೆ, ಹಸಿರು ಅಥವಾ ಕೆಂಪು. ಕೆಂಪು ಹಾಕಿದ ದಿನ ಜನ ಸಾಲಾಗಿ ಬಂದು ಕಾರಣ ಓದಿಸಿಕೊಂಡು ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು. ಮೊದಮೊದಲು ಹಸಿರು ಹಾಕಿದ ದಿನ ನಾನೇ ಮೊದಲು ನಡೆಯುತ್ತಿದ್ದೆ. ಮೂರು ತಿಂಗಳಾದ ಮೇಲೆ ಬೇಜಾರು ಬಂತು. ಹೇಳಿದವರು ನಡೆಯಬೇಕು ಎನ್ನುವುದು ಕಟ್ಟಳೆ, ಹೇಳುತ್ತಿರುವುದು ನಾನಲ್ಲ ಪೆಟ್ಟಿಗೆ, ಅದಕ್ಕೆ ಕಾಲಿಲ್ಲ ಎಂದು ವಾದ ಮಾಡಿದೆ. ಎಲ್ಲರಿಗೂ ಆ ಮಾತು ತಮಾಷೆಯಾಗಿ ಕಂಡಿತು. ಅಂದಿನಿಂದ ಯಾರಿಗೆ ಅವಸರವಿತ್ತೋ ಅವರು ಮೊದಲು ನಡೆದರು.

ಆ ಗುರುವಾರ ಆಚೆ ದಡದಲ್ಲಿ ಕೊಟ್ರಬಸಣ್ಣನ ಮಗಳ ಮದುವೆ. ಹತ್ತು ಗಂಟೆಗೆ ಮುಹೂರ್ತ. ಈಚೆ ಕಡೆಯ ಹೆಣ್ಣಿನ ದಿಬ್ಬಣವೆಲ್ಲ ಬೆಳಿಗ್ಗೆ ಆರಕ್ಕೇ ಸೇತುವೆಯ ಬಾಯಲ್ಲಿ ನಿಂತಿತ್ತು. ಲಾಡು ತುಂಬಿದ ಗಾಡಿಯನ್ನು ಎತ್ತುಗಳು ತಾವೇ ಎಳೆದುಕೊಂಡು ಆಚೆ ಮುಟ್ಟಿಸಿಯಾಗಿತ್ತು. ಹಾಲೇಶಣ್ಣ ಜರಿಯಂಚಿನ ಪಂಚೆ ಉಟ್ಟು ವಾಲಗ ಹೆಗಲಿಗೊರಗಿಸಿ ನಿಂತಿದ್ದ. ನಾನು ಕೋಣೆಯೊಳಗೆ ಚೀಟಿ ತೆಗೆದೆ. "ಬೇಡ" ಎಂದಿತ್ತು. ಅದರ ಕೆಳಗೆ ಕಾರಣಗಳಿಗೆ ಹತ್ತು ಖಾನೆ ಕೊಟ್ಟಿದ್ದೆನಲ್ಲ, ಹತ್ತೂ ಖಾಲಿ.

ಮತ್ತೊಮ್ಮೆ ಕೇಳಿದೆ. ಬೇಡ, ಖಾಲಿ. ನೀರು ನೋಡಿದೆ, ಗಾಳಿ ನೋಡಿದೆ, ಕಲ್ಲಿನ ಬಿಸಿ ನೋಡಿದೆ, ಒಂದೊಂದೂ ಇದೆ ಎನ್ನುವ ದಿನದ್ದೇ ಅಳತೆ. ಮೂರನೆಯ ಸಲವೂ ಬೇಡ, ಖಾಲಿ. ಪೆಟ್ಟಿಗೆಯ ಮುಂದೆ ಬಗ್ಗಿ, "ಯಾಕೆ? ಹೇಳು ಯಾಕೆ?" ಎಂದು ಗಟ್ಟಿಯಾಗಿಯೇ ಕೇಳಿದೆ. ಹೊರಗಿನಿಂದ ಕೊಟ್ರಬಸಣ್ಣ ಬಾಗಿಲು ಬಡಿದ.

"ಏನಪ್ಪ ಇಂಜಿನಿಯರ್ರೇ, ಲಾಡು ಆಚೆ ಹೋಗಿ ಕುಂತವೆ, ನಾವಿನ್ನೂ ಇಲ್ಲೇ ಇದೀವಿ. ದೀಪ ಹಾಕಪ್ಪ."

"ಒಂದ್ನಿಮಿಷ ಅಣ್ಣ. ಯಂತ್ರ ಬಿಸಿ ಆಗ್ಬೇಕು."

"ಬ್ಯಾಡ ಅನ್ನಂಗಿದ್ರೆ ಕಾರಣದ ಚೀಟಿ ಸಮೇತ ಕೊಡಪ್ಪ, ಬೀಗ್ರಿಗೆ ತೋರ್ಸಬೇಕು. ಕಾರಣ ಇಲ್ದಿದ್ ಬ್ಯಾಡ ಬ್ಯಾಡನೇ ಅಲ್ಲ ಅಂತ ನೀನೇ ಹೇಳಿದೀಯ."

ದಿಬ್ಬಣ ಗೊಳ್ಳೆಂದು ನಕ್ಕಿತು. ಕೈಯಲ್ಲಿ ಚೀಟಿ ಹಿಡಿದುಕೊಂಡು, ಈಗ ಹೊರಗೆ ಹೋಗಿ ಏನು ಹೇಳಲಿ ಎಂದು ಯೋಚಿಸಿದೆ. ಬೇಡ. ಯಾಕೆ? ಪೆಟ್ಟಿಗೆಗೆ ಯಾಕೋ ಅನ್ನಿಸಿದೆ. ಆಮೇಲೆ ಯಾರಾದರೊಬ್ಬರು ಒಂದು ಕಾಲಿನಿಂದ ಇನ್ನೊಂದು ಕಾಲು ಉಜ್ಜಿಕೊಳ್ಳುತ್ತಾರೆ, ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಆ ನಗೆ ನನ್ನ ಕಿವಿಯಲ್ಲಿ ಆಗಲೇ ಕೇಳುತ್ತಿತ್ತು. ಕೆಟ್ಟಿದೆ, ಎಲ್ಲೋ ತಂತಿ ಸಡಿಲವಾಗಿದೆ, ಅಳತೆಗಳೆಲ್ಲ ಸರಿಯಿವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹಸಿರು ದೀಪ ಹಾಕಿ ಹೊರಗೆ ಬಂದೆ.

"ಬಾರೋ ಇಂದುಧರ" ಎಂದು ಹಾಲೇಶಣ್ಣ ಕೈ ಬೀಸಿದ. "ಇವತ್ತು ನೀನೇ ಮುಂದೆ ನಡಿ. ಹಿಂದೆ ನಾನು ಊದ್ಕಂತ ಬರ್ತೀನಿ. ನಿಂದೇ ಮದ್ವೆ ಅಂದ್ಕಂಬಿಡ್ಬೇಕು ಜನ."

ನಾನು ಎರಡು ಹೆಜ್ಜೆ ಹೋದೆ. ಸೇತುವೆಯ ಮೊದಲ ಕಲ್ಲಿನ ಹತ್ತಿರ ನನ್ನ ಕಾಲು ನಿಂತವು. ನಾನು ನಿಲ್ಲಿಸಲಿಲ್ಲ, ಅವೇ ನಿಂತವು. ಮೊಣಕಾಲಿನಿಂದ ಕೆಳಗೆ ಏನೋ ತಣ್ಣಗಾಯಿತು. ಆಗ ನಾನು ಮಾಡಿದ್ದು ಇಷ್ಟು: ಬಗ್ಗಿ ಕೂತು, "ನಡಿಯಣ್ಣ, ಶೂ ಲೇಸು ಬಿಚ್ಕಂಡೈತೆ, ಕಟ್ಕಂಡ್ ಬಂದೆ" ಅಂದೆ. ಲೇಸು ಬಿಚ್ಚಿರಲಿಲ್ಲ. ಅವನು ಮುಂದೆ ದಾಟಿ ಹೋಗುವ ತನಕ ಬಿಚ್ಚಿ ಕಟ್ಟುತ್ತ ಕೂತಿದ್ದೆ.

ಅವನು ಊದಲು ಶುರು ಮಾಡಿದ್ದ. ಮೊದಲ ಕಲ್ಲಿಗೆ ಕಾಲಿಟ್ಟದ್ದೇ ಸ್ವರ ತುಂಡಾಯಿತು. ತಲೆಯೆತ್ತಿದಾಗ ಸೇತುವೆ ಇದ್ದ ಹಾಗೇ ಕಾಣುತ್ತಿತ್ತು, ಮೇಲೆ ಯಾರೂ ಇರಲಿಲ್ಲ. ಹಿಂದಿದ್ದ ಡೋಲಿನವನು ದಡದ ಅಂಚಿನಲ್ಲೇ ಅಂಗಾತ ಬಿದ್ದು ತೆವಳಿಕೊಂಡು ಈಚೆ ಬಂದ. ಹೆಂಗಸರು ಕಿರುಚಿದರು. ಕೆಳಗಿನ ತಿರುವಿನಲ್ಲಿ ಬಲೆ ಹಾಕಿದ್ದವರಿಗೆ ಹಾಲೇಶಣ್ಣ ಸಿಕ್ಕ, ಜೀವಂತ. ಮೂರು ಪಕ್ಕೆಲುಬು ಮುರಿದಿದ್ದವು, ಒಂದು ಶ್ವಾಸಕೋಶಕ್ಕೆ ಚುಚ್ಚಿತ್ತು. ಉಸಿರಾಡಬಹುದು, ಇನ್ನು ವಾಲಗ ಊದುವ ಮಾತಿಲ್ಲ ಎಂದು ಡಾಕ್ಟರು ಹೇಳಿದರು.

ಪೆಟ್ಟಿಗೆ ಏನು ಹೇಳಿತ್ತು ಎಂದು ಎಲ್ಲರೂ ನನ್ನನ್ನು ಕೇಳಿದರು. "ಇದೆ ಅಂದಿತ್ತು" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಒಬ್ಬರೂ ಅನುಮಾನ ಪಡಲಿಲ್ಲ. ಕ್ಯಾಂಟೀನಿನಲ್ಲಿ ಅದೇ ಚರ್ಚೆ: ಯಂತ್ರಕ್ಕೆ ಲೆಕ್ಕ ಬರಬಹುದು, ಮನುಷ್ಯರ ಹಾಗೆ ಒಳಗಿನಿಂದ ಅನ್ನಿಸುವುದು ಎಲ್ಲಿಂದ ಬರಬೇಕು, ಅದಕ್ಕೇನು ಕರುಳಿದೆಯೇ. ನಾನು ತಲೆ ಆಡಿಸುತ್ತಿದ್ದೆ. ನಾನು! ಎರಡು ವಾರ ಸೇತುವೆ ಮುಚ್ಚಿಸಿದ್ದ ಪುರಸಭೆ, ಬರುವ ಭಾನುವಾರ ಪೆಟ್ಟಿಗೆಯನ್ನು ಒಡೆದು ಹಾಕುವುದು, ಸೋಮವಾರದಿಂದ ಸಣ್ಣೀರಜ್ಜಿಯನ್ನು ಮತ್ತೆ ಕೂರಿಸುವುದು ಎಂದು ತೀರ್ಮಾನಿಸಿತು. ಹಾಲೇಶಣ್ಣ ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಸಂಜೆ ಅವನ ಮನೆಗೆ ಹೋಗುತ್ತಿದ್ದೆ. ಅವನ ಹೆಂಡತಿ ನೀಲಕ್ಕ ಮಂಡಕ್ಕಿ ಕಲಸಿ ಕೊಡುತ್ತಿದ್ದಳು. ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ ಅವನೇ ನನ್ನನ್ನು ಸಮಾಧಾನ ಮಾಡುತ್ತಿದ್ದ: "ನಿಂದೇನ್ ತಪ್ಪೈತೆ ಬಿಡೋ. ಪೆಟ್ಟಿಗೆ ಸುಳ್ ಹೇಳ್ತು. ನೀನಾರೂ ಲೇಸ್ ಕಟ್ಟಾಕ್ ಕುಂತು ಉಳ್ಕಂಡ್ಯಲ್ಲ, ಯಾವ್ ದೇವ್ರೋ ಏನೋ." ನಾನು ಮಂಡಕ್ಕಿ ತಿನ್ನುತ್ತಿದ್ದೆ. ಖಾರ ಸರಿಯಾಗಿದೆ ಎಂದು ಹೇಳುತ್ತಲೂ ಇದ್ದೆ.

ಒಡೆಯುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕೋಣೆಯಲ್ಲಿ ತಂತಿ ಬಿಚ್ಚುತ್ತಿದ್ದಾಗ ಸಣ್ಣೀರಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಒಂದು ವರ್ಷದಲ್ಲಿ ಇಳಿದುಹೋಗಿದ್ದಳು. ನಾನು ಎದ್ದು ಕುರ್ಚಿ ಕೊಟ್ಟೆ, ಕೂರಲಿಲ್ಲ.

"ಸೋಮವಾರದಿಂದ ಬಾ ಅಂತವ್ರೆ. ಅದ್ಕೆ ಮುಂಚೆ ನಿನ್ನ ಒಂದ್ ಮಾತು ಕೇಳ್ಬೇಕು. ಜಾಗ ಬಿಟ್ರೂ ಚಾಳಿ ಬಿಟ್ಟಿಲ್ಲ ನಾನು. ದಿನಾ ಹಿತ್ಲಾಗೆ ನಿಂತು ನನ್ ಪಾಡಿಗೆ ಹೇಳ್ಕಂತೀನಿ. ಆ ಗುರುವಾರಾನೂ ಹೇಳ್ಕಂಡೆ."

"ಬ್ಯಾಡ ಅಂತಾನಾ ಅಜ್ಜಿ?"

"ಐತೆ ಅಂತ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬಂಡೆಗಲ್ಲಿನಂಗೈತೆ ಅನ್ಸಿತ್ತು ಕಣೋ. ನಾನಿಲ್ಲಿ ಇದ್ದಿದ್ರೆ ಐತೆ ಅಂದು ನಾನೇ ಮುಂದೆ ನಡೀತಿದ್ದೆ. ಹಾಲೇಶ ಮೇಲಕ್ ಬಂದ. ಈ ವಯಸ್ಸಿಗೆ ನಾನ್ ಬರ್ತಿದ್ನಾ? ನಂಗೆ ವಯಸ್ಸಾಯ್ತೋ, ಅನ್ಸೋದೂ ಮುಪ್ಪಾಗುತ್ತೋ, ಗೊತ್ತಿಲ್ಲ. ಅದ್ಕೇ ಕೇಳ್ತಿದೀನಿ. ಇದೂ ಐತೆ ಅಂತಾನೇ ಅಂದಿದ್ರೆ, ಅವತ್ತು ಯಾರ ಕೈಲೂ ಸರಿಯಾಗಿ ಹೇಳಾಕ್ ಆಗ್ತಿರ್ಲಿಲ್ಲ ಅಂದ್ಕಂಡು ಸೋಮವಾರ ಬಂದು ನಿಲ್ತೀನಿ. ದಿಟ ಹೇಳು. ಇದು ಏನಂತು?"

ಹೂಂ ಅಜ್ಜಿ, ಐತೆ ಅಂತು ಎಂದರೆ ಮುಗಿಯುತ್ತಿತ್ತು. ಪೆಟ್ಟಿಗೆ ಚೂರಾಗುತ್ತಿತ್ತು, ಈ ಮುದುಕಿ ಸೋಮವಾರ, ಮಂಗಳವಾರ, ಮುಂದೆ ಯಾವತ್ತೋ ಒಂದು ದಿನ ಐತೆ ಅಂದು ನಡೆಯುತ್ತಿದ್ದಳು. ಆ ದಿನದ ತನಕ ನಾನು ಮರ್ಯಾದಸ್ಥನಾಗಿಯೇ ಇರುತ್ತಿದ್ದೆ. ಒಂದು ಕ್ಷಣ ಅದನ್ನೂ ಯೋಚಿಸಿದೆ ಎನ್ನುವುದನ್ನು ಇಲ್ಲಿ ಬಿಡಬಾರದು. ಆಮೇಲೆ ಅಂದಿನಿಂದ ಜೇಬಲ್ಲೇ ಹೊತ್ತು ತಿರುಗುತ್ತಿದ್ದ ಚೀಟಿ ತೆಗೆದೆ.

"ಓದಪ್ಪ. ನಂಗ್ ಬರಲ್ವಲ್ಲ."

"ಬೇಡ."

"ಆಮೇಲೆ?"

"ಆಮೇಲೆ ಏನೂ ಇಲ್ಲಜ್ಜಿ. ಖಾಲಿ. ಯಾಕೆ ಅಂತ ಬರ್ದಿಲ್ಲ."

ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ. "ಅಯ್ಯೋ ಪಾಪ" ಅಂದಳು. "ಇದ್ಕೂ ಯಾಕೋ ಅನ್ಸೈತೆ. ಹೇಳಾಕ್ ಬಂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಂಗೇನ್ ಅನ್ಸಿತ್ತು?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಲೇಸಿನ ಕತೆ ಹೇಳಿದೆ. ಅವಳು ಬೈಯಲಿಲ್ಲ, ತಲೆ ಸವರಲೂ ಇಲ್ಲ. "ಇದನ್ನ ಒಡೀಬ್ಯಾಡ್ರಿ ಅಂತ ನಾಳೆ ನಾನ್ ಹೇಳ್ತೀನಿ. ಯಾಕಜ್ಜಿ ಅಂತ ಕೇಳ್ತಾರೆ. ಅದಕ್ಕೆ ನೀನ್ ಉತ್ರ ಕೊಡ್ಬೇಕು. ಅದ್ಕಿಂತ ಮುಂಚೆ ಹಾಲೇಶನ ಮನೆಗೆ ಹೋಗು. ಅವನು ಊರೋರ ಬಾಯಲ್ಲಿ ಕೇಳ್ಬಾರ್ದು" ಅಂದು ಕೋಲೂರಿಕೊಂಡು ಹೊರಟಳು.

ಸಂಜೆ ಹೋದೆ. ನೀಲಕ್ಕ ಎಂದಿನ ಹಾಗೆ ತಟ್ಟೆ ತುಂಬ ಮಂಡಕ್ಕಿ ತಂದು ಕೈಗಿಟ್ಟಳು. ಹಾಲೇಶಣ್ಣ, "ಬಾರೋ, ನಾಳೆ ಪೆಟ್ಟಿಗೆ ಒಡಿಯೋವಾಗ ಮೊದಲ್ನೇ ಏಟು ನಂದು ಅಂತ ಹೇಳಿ ಕಳ್ಸು" ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಕಾದೆ. ಆಮೇಲೆ ಹೇಳಿದೆ. ಚೀಟಿ, ಖಾಲಿ ಖಾನೆಗಳು, ಜನ ನಗುತ್ತಾರೆ ಎಂದು ಹೆದರಿದ್ದು, ಹಸಿರು ದೀಪ, ನಿಂತುಹೋದ ನನ್ನ ಕಾಲು, ಬಿಚ್ಚದೇ ಇದ್ದ ಲೇಸು, ಎಲ್ಲ. ನಾನು ಹುಟ್ಟಾ ವೇಗವಾಗಿ ಮಾತಾಡುವವನು, ಅವತ್ತು ಇನ್ನೂ ವೇಗವಾಗಿ ಹೇಳಿದೆ, ನಡುವೆ ಯಾರೂ ಬಾಯಿ ಹಾಕದಿರಲಿ ಎಂದು.

ಹಾಲೇಶಣ್ಣ ಜಂತಿ ನೋಡುತ್ತಿದ್ದ. ಅವನ ಉಸಿರು ಶಿಳ್ಳೆಯ ಹಾಗೆ ಸಣ್ಣಗೆ ಎಳೆಯುತ್ತಿತ್ತು.

"ಅಂದ್ರೆ ಪೆಟ್ಟಿಗೆಗೂ ಬ್ಯಾಡ ಅನ್ಸಿತ್ತು" ಅಂದ. ಉಸಿರು ತೆಗೆದುಕೊಂಡ. "ನಿಂಗೂ ಬ್ಯಾಡ ಅನ್ಸಿತ್ತು." ಮತ್ತೆ ಉಸಿರು ತೆಗೆದುಕೊಂಡ. "ನಂಗೊಬ್ನಿಗೆ ಯಾರೂ ಹೇಳ್ಲಿಲ್ಲ."

ನೀಲಕ್ಕ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.